ಎಂಜಿನ್ನಿಗೆ ಟಾನಿಕ್ ಬೇಕೆ?

ಕಾರನ್ನು ಸರ್ವೀಸಿಗೆ ಬಿಟ್ಟು ಸಂಜೆ ವಾಪಸು ತರಲು ಹೋದವರಿಗೆ ಇದು ಹೊಸ ಅನುಭವವಲ್ಲ. ಬಿಲ್ಲಿನ ಕೆಳತುದಿಯಲ್ಲಿ ನೀವು ಹೇಳದೇ ಇದ್ದ ಒಂದು ಬಾಬ್ತು ಕಾಣಿಸುತ್ತದೆ: ‘ಎಂಜಿನ್ ಟ್ರೀಟ್‌ಮೆಂಟ್’. ಇದೇನಪ್ಪಾ ಎಂದು ಕೇಳಿದರೆ, ‘ಆಯಿಲ್ ಜೊತೆ ಹಾಕೋದು ಸಾರ್, ಎಂಜಿನ್ ಸವೆಯೋದೇ ಇಲ್ಲ, ಮೈಲೇಜೂ ಬರುತ್ತೆ’ ಎಂಬ ಉತ್ತರ. ಬಿಡಿಭಾಗಗಳ ಅಂಗಡಿಯಲ್ಲೂ ಇಂಥ ಮಿರುಗುವ ಬಾಟಲಿಗಳು ಸಾಲಾಗಿ ಕುಳಿತಿರುತ್ತವೆ. ಕಾಲೇಜಿಗೆ ಹೋಗುವ ಮಗ ತನ್ನ ಬೈಕಿಗೂ ಒಂದು ಬೇಕೆನ್ನುತ್ತಾನೆ. ಅಪ್ಪನಿಗೆ ಅನುಮಾನ. ಹಾಕಿಸಿದರೆ ದುಡ್ಡು ದಂಡವೋ, ಹಾಕಿಸದಿದ್ದರೆ ಎಂಜಿನ್ ದಂಡವೋ?

ಉತ್ತರಕ್ಕೆ ಮೊದಲು ಎಂಜಿನ್ನಿನೊಳಗೆ ಎಣ್ಣೆ ಏನು ಮಾಡುತ್ತದೆ ಎಂದು ನೋಡಬೇಕು.

ಎತ್ತಿನ ಗಾಡಿ ಕಂಡವರಿಗೆ ಕೀಲೆಣ್ಣೆ ಗೊತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಅಚ್ಚಿಗೆ ಬಳಿಯುತ್ತಿದ್ದರು. ಬಳಿಯದಿದ್ದರೆ ಗಾಡಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಹರಳೆಣ್ಣೆಯನ್ನು ಹಳ್ಳಿಯ ಸರಕೆಂದು ಹಗುರಾಗಿ ಕಾಣಬೇಡಿ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಅದರಲ್ಲೇ ಓಡಿದವು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.

ಎಣ್ಣೆ ಹಾಕಿದರೆ ‘ಜಾರುತ್ತದೆ’ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಹೇಗೆ ಜಾರುತ್ತದೆ ಎಂಬುದು ಮಾತ್ರ 1883ರವರೆಗೂ ಸರಿಯಾಗಿ ತಿಳಿದಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಬೋಷಾಂಪ್ ಟವರ್ ಎಂಬ ಎಂಜಿನಿಯರ್ ರೈಲು ಗಾಲಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಹನಿಸಲೆಂದು ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದ್ದೇ ತಡ, ಒಳಗೆ ಇಳಿಯಬೇಕಾದ ಎಣ್ಣೆ ಆ ತೂತಿನಿಂದ ಮೇಲೆ ಉಕ್ಕಿತು. ಬಿರಡೆ ಜಡಿದರೆ ಬಿರಡೆಯೇ ಹೊರಬಂತು. ಮರದ ಬೆಣೆಯೂ ನಿಲ್ಲಲಿಲ್ಲ. ಕೊನೆಗೆ ಒತ್ತಡಮಾಪಕ ಕೂಡಿಸಿ ನೋಡಿದರೆ ಮುಳ್ಳು ಚದರಂಗುಲಕ್ಕೆ 200 ಪೌಂಡು ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರವಾದರೋ ಚದರಂಗುಲಕ್ಕೆ ಸುಮಾರು 100 ಪೌಂಡು ಮಾತ್ರ! ಅಂದರೆ ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ಇಕ್ಕಟ್ಟಾದ ಸಂದಿಗೆ ನುಗ್ಗಿಸಿ, ಆ ಒತ್ತಡದ ಮೇಲೆ ತೇಲುತ್ತಿತ್ತು. ಲೋಹಕ್ಕೆ ಲೋಹ ತಾಗುತ್ತಲೇ ಇರಲಿಲ್ಲ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಸಮೀಕರಣ ಬರೆದ. ಇಂದಿಗೂ ಬೇರಿಂಗುಗಳ ವಿನ್ಯಾಸ ಆ ಸಮೀಕರಣದಿಂದಲೇ ಶುರುವಾಗುತ್ತದೆ.

ನಿಮ್ಮ ಕಾರಿನ ಎಂಜಿನ್ನಿನಲ್ಲೂ ಆಗುವುದು ಇದೇ. ನಿಮಿಷಕ್ಕೆ 3,000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ಹಾಕುವ ಕ್ರ್ಯಾಂಕ್ ದಂಡ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆ ಪೊರೆಯ ಮೇಲೆ ತೇಲುತ್ತಿರುತ್ತದೆ. (ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.) ಪೊರೆ ಇರುವವರೆಗೆ ಸವಕಳಿ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಸುರಿದ ಟಾನಿಕ್ಕಿಗೆ ಮಾಡಲು ಕೆಲಸವೇ ಇರುವುದಿಲ್ಲ.

ಪೊರೆ ಹರಿಯುವ ಜಾಗಗಳೂ ಇವೆ, ನಿಜ. ಪಿಸ್ಟನ್ ತುತ್ತತುದಿಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗುವಾಗ ಉಂಗುರಗಳ ಕೆಳಗೆ ಎಣ್ಣೆ ತೆಳುವಾಗುತ್ತದೆ. ಕ್ಯಾಮ್‌ನ ಮೂತಿ ಟ್ಯಾಪೆಟ್ಟನ್ನು ಒತ್ತುವಲ್ಲಿ ಭಾರ ಜಾಸ್ತಿ. ಬೆಳಿಗ್ಗೆ ಕೀಲಿ ತಿರುಗಿಸಿದ ಮೊದಲ ಕ್ಷಣಗಳಲ್ಲಿ ಪಂಪಿನಿಂದ ಎಣ್ಣೆ ಇನ್ನೂ ಎಲ್ಲ ಕಡೆ ತಲುಪಿರುವುದಿಲ್ಲ. ಟಾನಿಕ್ ಮಾರುವವರು ಬೆರಳಿಡುವುದು ಸರಿಯಾಗಿ ಇಲ್ಲೇ. ಆದರೆ ಅವರು ಹೇಳದೆ ಬಿಡುವ ವಿಷಯ ಒಂದಿದೆ: ಆ ಜಾಗಗಳಿಗೆ ಬೇಕಾದ ಔಷಧಿ ಎಣ್ಣೆಯ ಡಬ್ಬಿಯೊಳಗೆ ಆಗಲೇ ಇದೆ.

ಎಂಜಿನ್ ಎಣ್ಣೆಯೆಂದರೆ ಬರೀ ಎಣ್ಣೆಯಲ್ಲ. ಅದರಲ್ಲಿ ನೂರಕ್ಕೆ 10ರಿಂದ 25 ಭಾಗ ನಾನಾ ರಾಸಾಯನಿಕಗಳು. ಮಸಿಯನ್ನು ಗಟ್ಟಿಕಟ್ಟಲು ಬಿಡದೆ ತೇಲಿಸಿ ಇಡುವುದು ಒಂದು, ಆಮ್ಲವನ್ನು ಕೊಲ್ಲುವುದು ಇನ್ನೊಂದು, ನೊರೆ ಕಟ್ಟದಂತೆ ತಡೆಯುವುದು ಮತ್ತೊಂದು. ಇವುಗಳ ನಡುವೆ ನಮ್ಮ ಕಥೆಯ ನಾಯಕ, ಝಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್. ಹೆಸರು ಉದ್ದ. ಮೆಕ್ಯಾನಿಕ್ಕುಗಳ ಬಾಯಲ್ಲಿ ಬರೀ ‘ಝಿಂಕ್’. 1940ರ ದಶಕದಲ್ಲಿ ಬೇರಿಂಗು ಕಿಲುಬು ಹಿಡಿಯದಿರಲೆಂದು ಇದನ್ನು ಬೆರೆಸತೊಡಗಿದರು. ಸವಕಳಿ ತಡೆಯುವ ಇದರ ಗುಣ ಚೆನ್ನಾಗಿ ಗೊತ್ತಾದದ್ದು ಆಮೇಲೆ. ಎರಡು ಲೋಹಗಳು ಉಜ್ಜಿ ಬಿಸಿಯೇರಿದಲ್ಲಿ ಇದು ಒಡೆದು, ಲೋಹದ ಮೇಲೆ ಗಾಜಿನಂಥ ಒಂದು ಫಾಸ್ಫೇಟ್ ಪದರ ಕಟ್ಟುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಉಜ್ಜಿದಾಗ ಸವೆಯುವುದು ಈ ಪದರ, ಲೋಹವಲ್ಲ. ಸವೆದಂತೆ ಮತ್ತೆ ಕಟ್ಟಿಕೊಳ್ಳುತ್ತದೆ.

ಹಾಗಿದ್ದರೆ ಇನ್ನಷ್ಟು ಝಿಂಕ್ ಸುರಿದರೆ ಇನ್ನಷ್ಟು ಒಳ್ಳೆಯದಲ್ಲವೇ? ಸಾರಿಗೆ ಉಪ್ಪು ರುಚಿ ಎಂದು ಹಿಡಿ ಹಿಡಿ ಹಾಕುವವರುಂಟೆ? ಇದರಲ್ಲಿರುವ ರಂಜಕ ಹೊಗೆ ಕೊಳವೆಗೆ ಸೇರಿ, ವಿಷಾನಿಲ ತಡೆಯುವ ಕೆಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಕೆಡಿಸುತ್ತದೆ. ಅದಕ್ಕೇ 2004ರ ಅಮೆರಿಕದ ಮಾನದಂಡ ತೆಳು ದರ್ಜೆಯ ಪೆಟ್ರೋಲ್ ಎಂಜಿನ್ ಎಣ್ಣೆಗಳಲ್ಲಿ ರಂಜಕ ಶೇಕಡಾ 0.06ಕ್ಕಿಂತ ಕಡಿಮೆ ಇರಬಾರದು, 0.08ಕ್ಕಿಂತ ಹೆಚ್ಚಾಗಬಾರದು ಎಂದು ಕಟ್ಟುಹಾಕಿತು. ಎಷ್ಟು ಕಿರಿದಾದ ಗೆರೆ ನೋಡಿ. ಜೊತೆಗೆ ಈ ರಾಸಾಯನಿಕಗಳೆಲ್ಲ ಲೋಹದ ಒಂದೇ ಮೇಲ್ಮೈಗಾಗಿ ಪೈಪೋಟಿ ನಡೆಸುತ್ತವೆ. ಒಂದು ಹೆಚ್ಚಾದರೆ ಇನ್ನೊಂದಕ್ಕೆ ಕುಳಿತುಕೊಳ್ಳಲು ಜಾಗವಿಲ್ಲ. ಎಣ್ಣೆ ತಯಾರಕರು ಎಂಜಿನ್ನಿನಲ್ಲೇ ಪರೀಕ್ಷಿಸಿ ಹದ ಮಾಡಿದ ಈ ಮಿಶ್ರಣಕ್ಕೆ, ಒಳಗೇನಿದೆಯೆಂದು ಮೇಲೆ ಬರೆಯದ ಬಾಟಲಿಯೊಂದನ್ನು ಸುರಿಯುವುದು ಬಾಣಸಿಗ ಇಳಿಸಿಟ್ಟ ಅಡಿಗೆಗೆ ದಾರಿಹೋಕ ಒಗ್ಗರಣೆ ಹಾಕಿದಂತೆ.

ಇನ್ನು ಬಾಟಲಿಗಳ ಕಥೆ. ಇವುಗಳಲ್ಲಿ ಅತ್ಯಂತ ಹೆಸರು ಮಾಡಿದ್ದು ಅಮೆರಿಕದ ‘ಸ್ಲಿಕ್ 50’. ಅದರ ಬಂಡವಾಳ ಪಿಟಿಎಫ್‌ಇ, ಅಂದರೆ ನಮ್ಮ ದೋಸೆ ಕಾವಲಿಯ ಟೆಫ್ಲಾನ್. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತುವಿಗೆ ಏನೂ ಅಂಟುವುದಿಲ್ಲ. ಹಾಗಾದರೆ ಅದನ್ನು ಎಂಜಿನ್ನಿಗೆ ಬಳಿದುಬಿಟ್ಟರೆ? ಕೇಳಲು ಚೆಂದ. ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಏನೂ ಅಂಟದ ವಸ್ತು ತಾನು ಕಾವಲಿಗೆ ಹೇಗೆ ಅಂಟಿತು? ಕಾರ್ಖಾನೆಯಲ್ಲಿ ಮೊದಲು ಲೋಹವನ್ನು ಒರಟು ಮಾಡುತ್ತಾರೆ. ಅಂಟಿಸುವ ಒಂದು ಪದರ ಕೊಡುತ್ತಾರೆ. ಮೇಲೆ ಪಿಟಿಎಫ್‌ಇ ಸಿಂಪಡಿಸಿ ಸುಮಾರು 400 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕುಲುಮೆಯಲ್ಲಿ ಬೇಯಿಸುತ್ತಾರೆ. ಅದು ಕರಗುವುದೇ 327 ಡಿಗ್ರಿಯಲ್ಲಿ. ಎಂಜಿನ್ನಿನ ತೊಟ್ಟಿಯಲ್ಲಿರುವ ಎಣ್ಣೆಯ ಶಾಖವಾದರೋ 100 ಡಿಗ್ರಿಯ ಆಸುಪಾಸು. ಒರಟು ಮಾಡಿದವರಿಲ್ಲ, ಬೇಯಿಸಿದವರಿಲ್ಲ, ಸುತ್ತ ಎಣ್ಣೆ ಬೇರೆ. ಅಂಟುವುದು ಹೇಗೆ? ಒಂದು ವೇಳೆ ಅಂಟಿತು ಎನ್ನೋಣ. ಸವೆಯುವ ಜಾಗಗಳನ್ನೇ ಹುಡುಕಿಕೊಂಡು ಹೋಗಿ ಅಂಟಲು ಅದಕ್ಕೆ ಬುದ್ಧಿ ಇದೆಯೇ? ತೊಟ್ಟಿಯ ಗೋಡೆ, ಎಣ್ಣೆಯ ಸಣ್ಣ ದಾರಿಗಳು, ಫಿಲ್ಟರಿನ ಕಾಗದ ಎಲ್ಲಕ್ಕೂ ಅಂಟಬೇಕಲ್ಲವೇ?

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಆಯೋಗ, 1996ರಲ್ಲಿ ಸ್ಲಿಕ್ 50 ಮೇಲೆ ದೂರು ಹೂಡಿತು. ಎಂಜಿನ್ ಭಾಗಗಳ ಮೇಲೆ ಪದರ ಕಟ್ಟುತ್ತದೆ ಎಂಬ ಮಾತು ಸುಳ್ಳು, ಶೇಕಡಾ 50 ಸವಕಳಿ ಉಳಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದಿತು. ಕೈಪಿಡಿ ಹೇಳಿದ ಎಣ್ಣೆಯನ್ನು ಹಾಕಿದರೆ ಸ್ಟಾರ್ಟ್ ಮಾಡುವಾಗಲೂ ಹೆಚ್ಚಿನ ಎಂಜಿನ್ನುಗಳಿಗೆ ಸಾಕಷ್ಟು ರಕ್ಷಣೆ ಇದೆ ಎಂದೂ ಹೇಳಿತು. 1997ರಲ್ಲಿ ರಾಜಿಯಾಯಿತು. ಗಿರಾಕಿಗಳಿಗೆ ಕನಿಷ್ಠ ಒಂದು ಕೋಟಿ ಡಾಲರ್ ಪರಿಹಾರ ಕೊಡಲು ಕಂಪನಿ ಒಪ್ಪಿತು.

ಇದು ಒಂಟಿ ಪ್ರಕರಣವಲ್ಲ. ‘ಎಸ್‌ಟಿಪಿ’ಗೆ ಆಧಾರವಿಲ್ಲದ ಮಾತು ಆಡಬಾರದೆಂದು 1976ರಲ್ಲೇ ಆದೇಶವಾಗಿತ್ತು. 1978ರಲ್ಲಿ ಐದು ಲಕ್ಷ ಡಾಲರ್ ದಂಡ ಬಿತ್ತು. 1995ರಲ್ಲಿ ಅದೇ ಹಳೆಯ ಆದೇಶ ಮುರಿದ ಆರೋಪಕ್ಕೆ 8,88,000 ಡಾಲರ್ ತೆತ್ತಿತು. ‘ಡ್ಯೂರಾ ಲ್ಯೂಬ್’ 2000ದಲ್ಲಿ 20 ಲಕ್ಷ ಡಾಲರಿಗೆ ರಾಜಿಯಾಯಿತು. ‘ಝಡ್‌ಮ್ಯಾಕ್ಸ್’ ಪ್ರಕರಣ ಮಾತ್ರ ಇನ್ನೂ ಸ್ವಾರಸ್ಯದ್ದು. 2001ರ ದೂರಿನಲ್ಲಿ ಆಯೋಗ ಹೇಳಿದ್ದು ಇಷ್ಟು: ಕಂಪನಿಯೇ ಮಾಡಿಸಿದ ಪರೀಕ್ಷೆಯಲ್ಲಿ, ಟಾನಿಕ್ ಬೆರೆಸಿದ ಎಣ್ಣೆಯಲ್ಲಿ ಬೇರಿಂಗಿನ ಕೊರೆತ ಬರೀ ಎಣ್ಣೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬಂದಿತ್ತು, ಜಾಹೀರಾತಿಗೆ ಬಂದಾಗ ಆ ಅಂಕಿ ಮಾಯವಾಗಿತ್ತು. 2003ರಲ್ಲಿ ಹತ್ತು ಲಕ್ಷ ಡಾಲರಿಗೆ ರಾಜಿ. ಇವರಲ್ಲಿ ಹೆಚ್ಚಿನವರು ಅಂಗಡಿ ಮುಚ್ಚಿಕೊಂಡು ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ಜಾಹೀರಾತಿನ ಮಾತು ಬದಲಾಯಿತು, ಬಾಟಲಿ ಉಳಿಯಿತು.

ಮತ್ತೆ ಕಣ್ಣಾರೆ ಕಂಡ ಪ್ರದರ್ಶನಗಳು? ಎಣ್ಣೆಯನ್ನೆಲ್ಲ ಬಸಿದ ಮೇಲೂ ಟಾನಿಕ್ ಕುಡಿದ ಎಂಜಿನ್ ಓಡುತ್ತಲೇ ಇರುವುದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಬಸಿದ ಮೇಲೂ ಸಂದಿಗೊಂದಿಗಳಲ್ಲಿ ಒಂದಷ್ಟು ಎಣ್ಣೆ ಉಳಿದೇ ಇರುತ್ತದೆ. ಭಾರ ಎಳೆಯದ ಎಂಜಿನ್ ಅದರಲ್ಲೇ ಸ್ವಲ್ಪ ಹೊತ್ತು ಓಡೀತು. ಪಕ್ಕದಲ್ಲಿ ಟಾನಿಕ್ ಹಾಕದ ಅಂಥದೇ ಇನ್ನೊಂದು ಎಂಜಿನ್ನನ್ನೂ ಬಸಿದು ಓಡಿಸಿದರೆ ತಾನೇ ಹೋಲಿಕೆ? ಇನ್ನೊಂದು ಆಟ ಸಂತೆ, ಮೇಳಗಳಲ್ಲಿ ಕಾಣಸಿಗುವುದು: ತಿರುಗುವ ಉಕ್ಕಿನ ಗಾಲಿಗೆ ಇನ್ನೊಂದು ಉಕ್ಕಿನ ತುಂಡನ್ನು ಸನ್ನೆಗೋಲಿನಿಂದ ಒತ್ತುತ್ತಾರೆ. ಬರೀ ಎಣ್ಣೆಯಲ್ಲಿ ಕಿರ್ರೆಂದು ನಿಲ್ಲುತ್ತದೆ, ಟಾನಿಕ್ ಹನಿಸಿದರೆ ಎಷ್ಟು ಒತ್ತಿದರೂ ನಿಲ್ಲದು. ಮೋಸವಿಲ್ಲ, ಯಂತ್ರ ನಿಜವನ್ನೇ ಹೇಳುತ್ತಿದೆ. ಆದರೆ ಅದು ಹೇಳುತ್ತಿರುವುದು ಅತಿ ಒತ್ತಡದ ಬಗ್ಗೆ. ಅಲ್ಲಿ ಗೆಲ್ಲುವುದು ಕ್ಲೋರಿನ್ ಸೇರಿಸಿದ ಪ್ಯಾರಫಿನ್‌ಗಳು. ಲೇತಿನಲ್ಲಿ ಲೋಹ ಕಡಿಯಲು ಅವು ಒಳ್ಳೆಯವೇ. ಎಂಜಿನ್ನಿನ ಬಿಸಿಯಲ್ಲಿ, ನೀರಿನ ಪಸೆಯೊಂದಿಗೆ ತಿಂಗಳುಗಟ್ಟಲೆ ಇದ್ದರೆ ಮಾತ್ರ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಬೇರಿಂಗನ್ನೇ ತಿನ್ನಬಹುದು. ಮೇಜಿನ ಮೇಲಿನ ಎರಡು ನಿಮಿಷದ ಆಟದಲ್ಲಿ ಆ ತಿಂಗಳುಗಳು ಕಾಣುವುದಿಲ್ಲ.

ನಿಜವಾದ ಪರೀಕ್ಷೆ ಬೇಸರ ಹುಟ್ಟಿಸುವಷ್ಟು ನಿಧಾನ. ಒಂದು ಉದಾಹರಣೆ: ‘ಸೀಕ್ವೆನ್ಸ್ 4ಎ’ ಎಂಬ ಪರೀಕ್ಷೆಯಲ್ಲಿ ನಿಸಾನ್ ಕಂಪನಿಯ 2.4 ಲೀಟರ್ ಎಂಜಿನ್ನನ್ನು ಗೊತ್ತಾದ ವೇಗ, ಗೊತ್ತಾದ ಶಾಖದಲ್ಲಿ 100 ಗಂಟೆ ಓಡಿಸಿ, ಬಿಚ್ಚಿ, ಕ್ಯಾಮ್‌ಗಳ ಸವಕಳಿಯನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಿದ್ದರು. 2004ರ ದರ್ಜೆಗೆ ಸರಾಸರಿ 90 ಮೈಕ್ರಾನ್ ಮೀರುವಂತಿರಲಿಲ್ಲ. ಪಿಸ್ಟನ್ ಉಂಗುರವನ್ನು ವಿಕಿರಣಶೀಲ ಮಾಡಿ, ಓಡುತ್ತಿರುವಾಗಲೇ ಎಣ್ಣೆಗೆ ಎಷ್ಟು ಲೋಹ ಸೇರಿತೆಂದು ಎಣಿಸುವ ವಿಧಾನವೂ ಉಂಟು. ಇಂಥ ಪರೀಕ್ಷೆಯ ಅಂಕಿಯನ್ನು ತೋರಿಸಿ ಎಂದು ಬಾಟಲಿ ಮಾರುವವರನ್ನು ಕೇಳಿ ನೋಡಿ.

ಟಾನಿಕ್ ಹಾಕಿಸಿದ ಮೇಲೆ ಗಾಡಿ ನಯವಾಯಿತು ಎಂದು ಆಣೆ ಮಾಡುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಟಾನಿಕ್ ಹಾಕಿಸುವುದು ಎಂದು? ಹಳೆಯ ಎಣ್ಣೆ ಬಸಿದು ಹೊಸದು ತುಂಬಿದ ದಿನ. ಪ್ಲಗ್ಗು ಒರೆಸಿ, ಗಾಳಿ ಸೋಸುಕ ಬದಲಿಸಿದ ದಿನ. ನಯವಾಗದೆ ಇನ್ನೇನು?

ಟಾನಿಕ್ಕುಗಳ ವಿಷಯದಲ್ಲಿ ವಿಜ್ಞಾನಿಯೊಬ್ಬರ ಕೆಲಸಕ್ಕೇ ಕುತ್ತು ಬಂದ ಪ್ರಸಂಗವೂ ಇದೆ. ಅದು ಎಂಜಿನ್ನಿನದಲ್ಲ, ಬ್ಯಾಟರಿಯದು. ‘ಎಡಿ-ಎಕ್ಸ್2’ ಎಂಬ ಪುಡಿ ಹಾಕಿದರೆ ಸತ್ತ ಬ್ಯಾಟರಿ ಎದ್ದು ಕೂರುತ್ತದೆ ಎಂಬ ಪ್ರಚಾರವಿತ್ತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಪರೀಕ್ಷಿಸಿ, ಇದು ಮುಖ್ಯವಾಗಿ ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟ್, ಪ್ರಯೋಜನವಿಲ್ಲ ಎಂದಿತು. ಮಾರುವವನಿಗೆ ರಾಜಕೀಯ ಬೆಂಬಲವಿತ್ತು. 1953ರ ಮಾರ್ಚಿನಲ್ಲಿ ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್ ಅವರಿಂದ ರಾಜೀನಾಮೆ ಪಡೆಯಲಾಯಿತು. ವಿಜ್ಞಾನಿಗಳು ಸಿಡಿದೆದ್ದರು. ಸರ್ಕಾರ ಆಸ್ಟಿನ್ನರನ್ನು ಉಳಿಸಿಕೊಳ್ಳಬೇಕಾಯಿತು. ಆ ವರ್ಷದ ಕೊನೆಗೆ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೂ ಸಂಸ್ಥೆಯ ಪರೀಕ್ಷೆ ಸರಿಯಾಗಿತ್ತೆಂದಿತು.

ಮೈಲೇಜಿನ ಮಾತಿಗೆ ಬರೋಣ. ಇದಕ್ಕೆ ಒಂದು ಲೆಕ್ಕ ಸಾಕು, ಮಕ್ಕಳೇ ಮಾಡಬಹುದು. 2012ರಲ್ಲಿ ಫಿನ್ಲೆಂಡಿನ ಕೆನೆತ್ ಹೋಲ್ಮ್‌ಬರ್ಗ್, ಅಮೆರಿಕದ ಅಲಿ ಎರ್ಡೆಮಿರ್ ಮೊದಲಾದವರು ಕಾರುಗಳ ಘರ್ಷಣೆಯ ಜಮಾಖರ್ಚು ಬರೆದರು. ಇಂಧನದ ಶಕ್ತಿ 100 ಪಾಲೆಂದರೆ 62 ಪಾಲು ಹೊಗೆ ಮತ್ತು ತಂಪುಕಾರಕದ ಶಾಖವಾಗಿ ಹೋಗುತ್ತದೆ. ಯಾಂತ್ರಿಕ ಕೆಲಸವಾಗುವುದು 38. ಅದರಲ್ಲಿ ಎಂಜಿನ್ನಿನೊಳಗಿನ ಘರ್ಷಣೆ ನುಂಗುವುದು 11.5, ಅಂದರೆ 38ರ ಸುಮಾರು ಶೇಕಡಾ 30. ಪವಾಡ ನಡೆದು ಎಂಜಿನ್ನಿನ ಘರ್ಷಣೆ ಪೂರ್ತಿ ಸೊನ್ನೆಯಾದರೂ ಉಳಿಯುವ ಪೆಟ್ರೋಲ್ ಶೇಕಡಾ 30. ಬಾಟಲಿ ಹೇಳುವಂತೆ ಶೇಕಡಾ 20 ಉಳಿಯಬೇಕಾದರೆ ಘರ್ಷಣೆಯ ಮೂರರಲ್ಲಿ ಎರಡು ಪಾಲು ಮಾಯವಾಗಬೇಕು. ಅದರಲ್ಲಿ ಒಂದು ದೊಡ್ಡ ಪಾಲು ಎಣ್ಣೆಯ ಸ್ವಂತ ಜಿಗುಟಿನದು. ಎಣ್ಣೆ ಇರುವವರೆಗೆ ಅದು ಹೋಗದು.

ಬೈಕಿನ ವಿಷಯದಲ್ಲಿ ಮಾತ್ರ ನಾನು ಇನ್ನೂ ಕಟ್ಟುನಿಟ್ಟು. ಕಾರಿನಲ್ಲಿ ಹೋದರೆ ದುಡ್ಡು ಹೋಯಿತು. ಗೇರಿನ ಬೈಕುಗಳಲ್ಲಿ ಸಾಮಾನ್ಯವಾಗಿ ಎಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ಚಿನ ಫಲಕಗಳು ಮುಳುಗಿರುವುದೂ ಅದರಲ್ಲೇ. ಕ್ಲಚ್ ಕೆಲಸ ಮಾಡುವುದು ಘರ್ಷಣೆಯಿಂದ. ಘರ್ಷಣೆ ಕಡಿಮೆ ಮಾಡುವ ಟಾನಿಕ್ ಅಲ್ಲಿಗೂ ಹೋದರೆ ಫಲಕಗಳು ಜಾರುತ್ತವೆ. ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯನ್ನು ದಾಟುವಾಗ ಎಂಜಿನ್ ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇದೇ ಕಾರಣಕ್ಕೆ ಜಪಾನಿನವರು 1998ರಲ್ಲಿ ಬೈಕಿನ ಎಣ್ಣೆಗೆ ‘ಜಾಸೋ’ ಎಂಬ ಪ್ರತ್ಯೇಕ ಮಾನದಂಡ ತಂದರು. ಡಬ್ಬಿಯ ಮೇಲೆ ‘ಎಂಎ’ ಗುರುತು ಇದ್ದರೆ ಕ್ಲಚ್ ಜಾರದು ಎಂದು ಅರ್ಥ. (ಹಿಂದೆ ಮೈಸೂರಿನ ಯೆಜ್ಡಿಗೆ ಪೆಟ್ರೋಲಿನಲ್ಲೇ ಬೆರೆಸುತ್ತಿದ್ದ ಎರಡು ಸ್ಟ್ರೋಕಿನ ಎಣ್ಣೆಯ ಸಮಾಚಾರವೇ ಬೇರೆ. ಅದು ಪೆಟ್ರೋಲಿನೊಂದಿಗೇ ಉರಿದುಹೋಗುತ್ತಿತ್ತು.)

ಎಲ್ಲ ಸೇರ್ಪಡೆಯೂ ಬೂದಿ ಎಂದರೆ ಅನ್ಯಾಯವಾದೀತು. ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಕಾರುಗಳನ್ನು ಪ್ರೀತಿಯಿಂದ ಸಾಕುವವರು ಇಂದಿನ ಕಡಿಮೆ ಝಿಂಕಿನ ಎಣ್ಣೆಗೆ ಸ್ವಲ್ಪ ಝಿಂಕ್ ಸೇರಿಸುವುದಕ್ಕೆ ಅರ್ಥವಿದೆ. ಮಾಲಿಬ್ಡಿನಮ್ಮಿನ ಕೆಲವು ಸಂಯುಕ್ತಗಳು ನಿಜಕ್ಕೂ ಘರ್ಷಣೆ ಇಳಿಸುತ್ತವೆ, ಮತ್ತು ಹಲವು ಒಳ್ಳೆಯ ಎಣ್ಣೆಗಳಲ್ಲಿ ಅವು ಆಗಲೇ ಇವೆ. ಉಳಿದವರಿಗೆ ಗಾಡಿಯ ಕೈಪಿಡಿಯೇ ಸಾಕು. ಹೋಂಡಾ ಕಾರುಗಳ ಕೈಪಿಡಿ, ಸೇರ್ಪಡೆ ಬೇಕಿಲ್ಲ, ಅದರಿಂದ ತೊಂದರೆಯೂ ಆದೀತು ಎಂದೇ ಹೇಳುತ್ತದೆ.

ಹಾಗಾದರೆ ನಮ್ಮ ರಸ್ತೆಗಳಲ್ಲಿ ಎಂಜಿನ್ನನ್ನು ಸವೆಸುವುದು ಯಾವುದು? ಧೂಳು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಬಳ್ಳಾರಿಯ ಗಣಿ ರಸ್ತೆಯಲ್ಲಿ ಓಡಿಸಿದವರಿಗೆ ಆ ಗಾಳಿಯಲ್ಲಿ ಏನಿರುತ್ತದೆಂದು ಹೇಳಬೇಕಿಲ್ಲ. ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿ ಸಾಮಾನ್ಯ ಕಬ್ಬಿಣಕ್ಕಿಂತ ಗಟ್ಟಿ. ಗಾಳಿ ಸೋಸುಕ ಹರಿದಿದ್ದರೆ ಸಿಲಿಂಡರಿಗೆ ಅದು ಉಪ್ಪುಕಾಗದ. ಎರಡನೆಯದು ಅತಿ ಸಣ್ಣ ಓಡಾಟ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಹೆಚ್ಚಿನದು ಹೊಗೆಯೊಂದಿಗೆ ಹೋಗುತ್ತದೆ, ಚೂರು ಉಂಗುರಗಳನ್ನು ದಾಟಿ ಎಣ್ಣೆಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಹೊರಟೀತು. ಮಗುವನ್ನು ಒಂದು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಮನೆಗೆ ಬಂದು ಆರಿಸಿದರೆ ನೀರು ಅಲ್ಲೇ ಉಳಿಯುತ್ತದೆ. ಅಂಥ ಗಾಡಿಗೆ ಎಣ್ಣೆಯನ್ನು ಕಿಲೋಮೀಟರಿನ ಲೆಕ್ಕಕ್ಕಿಂತ ತಿಂಗಳ ಲೆಕ್ಕದಲ್ಲಿ ಬದಲಿಸುವುದು ಮೇಲು. (ಮಗು ನಡೆದು ಹೋದರೆ ಇನ್ನೂ ಮೇಲು.) ಎಣ್ಣೆ ಬದಲಿಸಿದ ಮೇಲೆ ಖಾಲಿ ಡಬ್ಬಿಗೆ ತೂತು ಹೊಡೆಸಿ. ಇಲ್ಲದಿದ್ದರೆ ಅದೇ ಡಬ್ಬಿ ಕಳಪೆ ಎಣ್ಣೆ ತುಂಬಿಕೊಂಡು ಇನ್ನೊಬ್ಬರ ಗಾಡಿಗೆ ಬಂದೀತು.

ಮಗಳಿಗೋ ಮಗನಿಗೋ ಸೆಕೆಂಡ್‌ಹ್ಯಾಂಡ್ ಕಾರು ನೋಡುತ್ತಿರುವವರು ಇನ್ನೊಂದು ಸಂಗತಿ ತಿಳಿದಿರಲಿ. ಕೆಲವು ಬಾಟಲಿಗಳಲ್ಲಿರುವುದು ಎಣ್ಣೆಯನ್ನು ಮಂದ ಮಾಡುವ ಅಂಟು ದ್ರವ. ಸವೆದ ಎಂಜಿನ್ನಿಗೆ ಅದನ್ನು ಸುರಿದರೆ ಕೆಲವು ದಿನ ನೀಲಿ ಹೊಗೆ ಕಡಿಮೆಯಾಗುತ್ತದೆ, ಕಟಕಟ ಸದ್ದು ಅಡಗುತ್ತದೆ. ಮಾರುವವನಿಗೆ ಆ ಕೆಲವು ದಿನಗಳೇ ಸಾಕು. ಆದ್ದರಿಂದ ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಲು ಹೋಗಿ. ಬಾನೆಟ್ ಮುಟ್ಟಿ ನೋಡಿ, ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು ಒಂದು ಹನಿಯನ್ನು ಎರಡು ಬೆರಳ ನಡುವೆ ಹಿಡಿದು ಬಿಡಿಸಿ. ಹಲಸಿನ ಮೇಣದಂತೆ ಎಳೆ ಎಳೆಯಾಗಿ ಬಂದರೆ ಬೇರೆ ಕಾರು ನೋಡಿ.